ಕರ್ನಾಟಕದಲ್ಲಿ ಸೂರ್ಯಾರಾಧನೆ

ಕನ್ನಡ ನಾಡಿನಲ್ಲಿ ಸೂರ್ಯನನ್ನು ದೇವತೆಯಾಗಿ ಪೂಜಿಸುತ್ತ ಬಂದಿರುವ ಪರಂಪರೆ. ಇದರ ಕುರುಹುಗಳು ದೇವಾಲಯ, ಮೂರ್ತಿಶಿಲ್ಪ, ಶಿಲಾಶಾಸನ, ಪಂಚಾಂಗ ಮತ್ತು ಹಬ್ಬಗಳಲ್ಲಿ ಉಳಿದುಬಂದಿವೆ.

ಸೂರ್ಯೋಪಾಸನೆ ಅನೇಕ ಪ್ರಾಚೀನ ನಾಗರಿಕತೆಗಳಲ್ಲಿ ಇದ್ದರೂ ಅದು ತಳೆದ ರೂಪ ಎಲ್ಲೆಡೆ ಒಂದೇ ಅಲ್ಲ. ಈಜಿಪ್ಟಿನಲ್ಲಿ ಸೂರ್ಯದೇವನಾದ ರಾ ರಾಜಧರ್ಮದ ಕೇಂದ್ರವಾಗಿದ್ದನು. ಅಲ್ಲಿನ ದೊರೆಗಳು ತಮ್ಮನ್ನು ರಾನ ಮಕ್ಕಳೆಂದು ಕರೆದುಕೊಂಡರು, ಐದನೆಯ ರಾಜವಂಶದವರು ಪಿರಮಿಡ್ಡುಗಳ ಜೊತೆಗೆ ಸೂರ್ಯಾಲಯಗಳನ್ನೂ ಕಟ್ಟಿಸಿದರು, ಕ್ರಿ.ಪೂ. 14ನೆಯ ಶತಮಾನದಲ್ಲಿ ಅಖೆನಾತೆನ್ ಸೂರ್ಯಬಿಂಬವಾದ ಆತೆನ್ ಒಂದನ್ನೇ ಪೂಜಾರ್ಹವೆಂದು ಸಾರಿದನು. ಕರ್ನಾಟಕದಲ್ಲಾದರೋ ಬಾದಾಮಿ ಚಾಲುಕ್ಯರು ವರಾಹವನ್ನೂ ರಾಷ್ಟ್ರಕೂಟರು ಗರುಡನನ್ನೂ ಲಾಂಛನವಾಗಿ ಧರಿಸಿದರು. ಸೂರ್ಯನು ಹೆಚ್ಚಾಗಿ ಶಿವಾಲಯ, ವಿಷ್ಣ್ವಾಲಯಗಳ ಪರಿವಾರದಲ್ಲಿ ನೆಲೆ ಪಡೆದನು.

ಸೂರ್ಯನಿಗೇ ಮೀಸಲಾದ ಗುಡಿಗಳಲ್ಲಿ ಐಹೊಳೆಯ ದುರ್ಗ ದೇವಾಲಯ ಮುಖ್ಯವಾದುದು. ಹಿಂಭಾಗ ಅರ್ಧವೃತ್ತಾಕಾರವಾಗಿರುವ ಈ ಗುಡಿಗೆ ಹೆಸರು ಬಂದದ್ದು ಪಕ್ಕದಲ್ಲಿದ್ದ ಕೋಟೆಯಿಂದ. ಗುಡಿಯ ಹೆಬ್ಬಾಗಿಲಿನಲ್ಲಿರುವ ಎರಡನೆಯ ವಿಕ್ರಮಾದಿತ್ಯನ ಕಾಲದ, ಎಂದರೆ 8ನೆಯ ಶತಮಾನದ ಶಾಸನವು ಕೊಮಾರಸಿಂಗನೆಂಬವನು ಕಟ್ಟಿಸಿದ ಆದಿತ್ಯನ ಆಲಯವನ್ನು ಹೆಸರಿಸುವುದರಿಂದ, ಇದು ಮೊದಲಿಗೆ ಸೂರ್ಯಾಲಯವಾಗಿತ್ತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅದೇ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಪೂರ್ವದ ಮುಖಮಂಟಪದ ಛಾವಣಿಯ ಮೇಲೆ ರಥಾರೂಢ ಸೂರ್ಯನಿದ್ದಾನೆ. ಹೂವಿನಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಕಲ್ಯಾಣ ಚಾಲುಕ್ಯ ಶೈಲಿಯ ಸೂರ್ಯನಾರಾಯಣ ದೇವಾಲಯವಿದೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ದಕ್ಷಿಣದ ನಂದಿಮಂಟಪದ ಹಿಂದೆ ಸೂರ್ಯನ ಪ್ರತ್ಯೇಕ ಗುಡಿಯಿದೆ. ದಕ್ಷಿಣದ ಸೂರ್ಯಮೂರ್ತಿಗಳು ಎರಡೂ ಕೈಗಳಲ್ಲಿ ತಾವರೆ ಹಿಡಿದು ಸಾಮಾನ್ಯವಾಗಿ ಬರಿಗಾಲಿನಲ್ಲಿ ನಿಂತಿರುತ್ತವೆ. ಉತ್ತರ ಭಾರತದ ಮೂರ್ತಿಗಳಲ್ಲಿ ಕಾಣುವ ಎತ್ತರದ ಪಾದರಕ್ಷೆ ಇವುಗಳಿಗಿಲ್ಲ. ಕತ್ತಲನ್ನು ಓಡಿಸಲು ಬಾಣ ಬಿಡುವ ಉಷಾ ಮತ್ತು ಪ್ರತ್ಯುಷಾ ಇಕ್ಕೆಲಗಳಲ್ಲಿದ್ದು, ಪೀಠದಲ್ಲಿ ಏಳು ಕುದುರೆಗಳೂ ಸಾರಥಿ ಅರುಣನೂ ಕಾಣಿಸುವುದುಂಟು.

ಗುಡಿಗಳಿಗಿಂತ ವ್ಯಾಪಕವಾಗಿ ಸೂರ್ಯನು ಕಾಣುವುದು ಶಾಸನಗಳಲ್ಲಿ. ದಾನಶಾಸನ ಮತ್ತು ವೀರಗಲ್ಲುಗಳ ಮೇಲ್ಭಾಗದಲ್ಲಿ ಸೂರ್ಯಚಂದ್ರರನ್ನು ಕೆತ್ತಿ, ದತ್ತಿಯು ಆಚಂದ್ರಾರ್ಕವಾಗಿ, ಎಂದರೆ ಅವರಿಬ್ಬರೂ ಇರುವವರೆಗೆ ನಡೆಯಬೇಕೆಂದು ವಿಧಿಸುವುದು ವಾಡಿಕೆಯಾಗಿತ್ತು. ಉತ್ತರಾಯಣ ಸಂಕ್ರಾಂತಿ ಮತ್ತು ಸೂರ್ಯಗ್ರಹಣಗಳು ದಾನಕ್ಕೆ ಪ್ರಶಸ್ತ ಕಾಲಗಳೆನಿಸಿದ್ದವು. ಕಾಗವಾಡ ತಾಲ್ಲೂಕಿನ ಜುಗುಳದ ಎದುರಿಗೆ, ಕೃಷ್ಣೆಯ ಆಚೆ ದಡದಲ್ಲಿರುವ ಖಿದ್ರಾಪುರದ ಕೋಪೇಶ್ವರ ದೇವಾಲಯಕ್ಕೆ ಸೇವುಣ ದೊರೆ ಸಿಂಘಣನು 13ನೆಯ ಶತಮಾನದ ಆರಂಭದಲ್ಲಿ ಗ್ರಾಮದಾನ ಮಾಡಿದ್ದು ಸೂರ್ಯಗ್ರಹಣದ ಸಂದರ್ಭದಲ್ಲಿಯೇ.

ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯವರಿಗೆ ಪರಿಚಿತವಾದ ಕೊಲ್ಹಾಪುರದ ಮಹಾಲಕ್ಷ್ಮಿ ಗುಡಿಯಲ್ಲಿ ಕಿರಣೋತ್ಸವ ನಡೆಯುತ್ತದೆ. ನವೆಂಬರಿನಲ್ಲಿ ಒಮ್ಮೆ, ಜನವರಿ ಕೊನೆ–ಫೆಬ್ರವರಿ ಆರಂಭದಲ್ಲಿ ಇನ್ನೊಮ್ಮೆ, ಮುಳುಗುವ ಸೂರ್ಯನ ಕಿರಣಗಳು ಗರ್ಭಗುಡಿಯನ್ನು ಹೊಕ್ಕು ದೇವಿಯ ಮೂರ್ತಿಯನ್ನು ಮುಟ್ಟುತ್ತವೆ. ಸೂರ್ಯನು ಮಕರ ರಾಶಿಯನ್ನು ಪ್ರವೇಶಿಸುವ ಸಂಕ್ರಾಂತಿಯಂದು ಉತ್ತರ ಕರ್ನಾಟಕದಲ್ಲಿ ಕುಸುರೆಳ್ಳು ಹಂಚುತ್ತಾರೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುತ್ತಾರೆ. ಮಾಘ ಶುದ್ಧ ಸಪ್ತಮಿಯಾದ ರಥಸಪ್ತಮಿಯಂದು ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡಿ ಅರ್ಘ್ಯ ಕೊಡುವ ಪದ್ಧತಿಯಿದೆ. ಸ್ಮಾರ್ತರ ಪಂಚಾಯತನ ಪೂಜೆಯಲ್ಲಿ ಶಿವ, ವಿಷ್ಣು, ದೇವಿ, ಗಣಪತಿಯರೊಡನೆ ಸೂರ್ಯನೂ ಸೇರಿದ್ದಾನೆ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ ಪ್ರತಿನಿಧಿ ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಪ್ರಚಾರಪಡಿಸಿದನು.

ಹೀಗೆ ಕರ್ನಾಟಕದಲ್ಲಿ ಸೂರ್ಯನಿಗೆ ಮೀಸಲಾದ ಗುಡಿಗಳು ವಿರಳವಾದರೂ, ದಾನಕ್ಕೆ ಸಾಕ್ಷಿಯಾಗಿ, ಕಾಲಗಣನೆಯ ಆಧಾರವಾಗಿ, ಮನೆಮನೆಯ ಹಬ್ಬದ ದೇವತೆಯಾಗಿ ಅವನ ಆರಾಧನೆ ಇಂದಿಗೂ ನಡೆದುಬಂದಿದೆ.