ಕಂಬದಿಂದ ಕಾರಿನವರೆಗೆ: ಮನೆಯಲ್ಲಿ ಚಾರ್ಜರ್ ಹಾಕಿಸುವ ಖರ್ಚಿನ ಹಿಂದಿನ ಕಥೆ

ನಮ್ಮ ಬಳಗದ ಒಬ್ಬರ ಚಿಕ್ಕಪ್ಪ ಎಲೆಕ್ಟ್ರಿಕ್ ಕಾರು ತರಲು ಲೆಕ್ಕ ಹಾಕುತ್ತ ಕೂತಿದ್ದರು. ಕಾರಿನ ಬೆಲೆ, ಸಾಲದ ಕಂತು, ಇನ್ಶೂರೆನ್ಸು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಾಗಿತ್ತು. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: "ಮನೇಲಿ ಚಾರ್ಜರ್ ಹಾಕ್ಸೋಕೆ ಎಷ್ಟಾಗುತ್ತೆ?" ಶೋರೂಮಿನವರು ಒಂದು ಅಂಕಿ ಹೇಳಿದ್ದರು, ವೈರಿಂಗ್ ಮಾಡುವ ಹುಡುಗ ಇನ್ನೊಂದು ಹೇಳಿದ್ದ. ಎರಡರ ನಡುವೆ ನಾಲ್ಕು ಪಟ್ಟು ಅಂತರ. ಯಾಕೆ ಹೀಗೆ ಎಂದು ನಾವು ಕೆದಕಲು ಹೋದೆವು. ಹೋಗಿ ಮುಟ್ಟಿದ್ದು ಶಿವನಸಮುದ್ರಕ್ಕೆ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತಯಾರಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ ಅದು. ಆ ಕರೆಂಟು ಹೋದದ್ದು ಯಾರ ಮನೆಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅಷ್ಟು ದೂರ ಹೊಲ, ಕೆರೆ, ಊರು ದಾಟಿಕೊಂಡು ತಂತಿ ಹೋಯಿತು. ಕೆಳಗಿನ ಊರುಗಳಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ಹಳ್ಳಿಯವರು ತಲೆ ಎತ್ತಿ ತಂತಿ ನೋಡುತ್ತ ಕಾದದ್ದು ಇನ್ನೂ ಎಷ್ಟೋ ದಶಕ.

ಅದೇ ಕಾಲದಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಕಾರು ಚಾರ್ಜ್ ಆಗುತ್ತಿತ್ತು ಎಂದರೆ ನಂಬುತ್ತೀರಾ? 1900ರ ಹೊತ್ತಿಗೆ ಅಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಬ್ಯಾಟರಿಯದು. ಹೊಗೆ ಇಲ್ಲ, ಮುಂದೆ ನಿಂತು ಹ್ಯಾಂಡಲ್ ತಿರುವಬೇಕಿಲ್ಲ. ಪೆಟ್ರೋಲ್ ಕಾರು ಮಾಡಿ ಹೆಸರಾದ ಹೆನ್ರಿ ಫೋರ್ಡ್ ಅವರ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿಯ ಬ್ಯಾಟರಿ ಕಾರು! ಆದರೆ ಬ್ಯಾಟರಿಗೆ ಬೇಕಿದ್ದದ್ದು ಡಿಸಿ ಕರೆಂಟು. ಮನೆಗೆ ಎಸಿ ಬರುತ್ತಿದ್ದರೆ ಅದನ್ನು ಬದಲಾಯಿಸಲು ಪಾದರಸ ತುಂಬಿದ ದೊಡ್ಡ ಗಾಜಿನ ಬುರುಡೆಯ ಯಂತ್ರವನ್ನು ಗ್ಯಾರೇಜಿನಲ್ಲಿ ಕೂರಿಸಬೇಕಿತ್ತು. ಚಾರ್ಜ್ ಆಗುವಾಗ ಅದು ನೀಲಿ-ಹಸಿರಾಗಿ ಬೆಳಗುತ್ತಿತ್ತು. ಮನೆ ಚಾರ್ಜರಿನ ಮುತ್ತಜ್ಜ ಅದೇ. ಕಾರಿನ ಜೊತೆ ಇದನ್ನೂ ಕೊಳ್ಳುವ ಶಕ್ತಿ ಇದ್ದದ್ದು ಉಳ್ಳವರಿಗೆ.

ಆ ಕಾರುಗಳು ಯಾಕೆ ಸೋತವು ಎಂಬುದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. ಫೋರ್ಡಿನ ಮಾಡೆಲ್ ಟಿ ಅಗ್ಗವಾಯಿತು, 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಸ್ಟಾರ್ಟ್ ಬಂತು. ಎರಡೂ ನಿಜ. ನಮಗೆ ಮೂರನೆಯದೂ ಕಾಣುತ್ತದೆ. 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ರೈತರ ಮನೆಗಳಲ್ಲಿ ಕರೆಂಟು ಇದ್ದದ್ದು ಒಂದಕ್ಕೆ ಮಾತ್ರ. ಪೆಟ್ರೋಲನ್ನು ಡಬ್ಬದಲ್ಲಿ ಹಿಡಿದು ಯಾವ ಮೂಲೆಗಾದರೂ ಒಯ್ಯಬಹುದು. ಕರೆಂಟನ್ನು ಹಾಗೆ ಒಯ್ಯಲು ಆಗುವುದಿಲ್ಲ. ಕಂಬ ನೆಡಬೇಕು, ತಂತಿ ಎಳೆಯಬೇಕು. ಹಳ್ಳಿಗೆ ಪೆಟ್ರೋಲ್ ಕಾರು ಮೊದಲು ಬಂತು, ಕಂಬ ಆಮೇಲೆ.

ನಮ್ಮಲ್ಲೂ ಅದೇ ಆಯಿತು. ಹಿರಿಯರನ್ನು ಕೇಳಿ ನೋಡಿ, ಮೊದಲ ದೀಪದ ಖರ್ಚು ಎಂದರೆ ಬಲ್ಬಿನದ್ದಲ್ಲ. ಮನೆ ಕಂಬದಿಂದ ಎಷ್ಟು ದೂರ ಎನ್ನುವುದರದ್ದು. ಊರ ನಡುವಿನ ಮನೆಗೆ ಬೇಗ ಬಂತು, ಕೇರಿಯ ಕೊನೆಯ ಮನೆಗೆ, ತೋಟದ ಮನೆಗೆ ತಡವಾಯಿತು. 1980ರ ಆಸುಪಾಸಿನಲ್ಲಿ ಭಾಗ್ಯಜ್ಯೋತಿ ಬಂದಾಗ ಬಡವರ ಮನೆಗೂ 40 ವ್ಯಾಟಿನ ಒಂದು ಬಲ್ಬು ಉರಿಯಿತು. ಅದು ಸಣ್ಣ ಮಾತಲ್ಲ. ಒಂದು ಬಲ್ಬಿಗೆ ಬೇಕಾದಷ್ಟೇ ತೆಳು ವಯರು ಎಳೆದಿದ್ದರು. ಮುಂದೆ ಅದೇ ವಯರಿಗೆ ಟಿವಿ, ಮಿಕ್ಸಿ, ಫ್ರಿಜ್ಜು ಒಂದೊಂದಾಗಿ ಸೇರಿಕೊಂಡವು. ಅರ್ಥಿಂಗ್ ಮಾಡಿಸಿದ ಮನೆಗಳು ಕಡಿಮೆ. ಈ ಮಾತು ನೆನಪಿರಲಿ, ಮತ್ತೆ ಬರುತ್ತೇವೆ.

2001ರಲ್ಲಿ ಬೆಂಗಳೂರಿನಲ್ಲೇ ತಯಾರಾದ ಎಲೆಕ್ಟ್ರಿಕ್ ಕಾರು ರಸ್ತೆಗೆ ಇಳಿಯಿತು. ಚೇತನ್ ಮೈನಿ ಅವರ ರೇವಾ. ಪುಟಾಣಿ ಕಾರು, ಎರಡೇ ಬಾಗಿಲು. ನಮ್ಮ ಮನೆ ಯುಪಿಎಸ್ಸಿಗೆ ಹಾಕುವಂಥ ಸೀಸ-ಆಮ್ಲದ ಬ್ಯಾಟರಿಗಳೇ ಅದಕ್ಕೂ. ಒಂದು ಚಾರ್ಜಿಗೆ 80 ಕಿಲೋಮೀಟರ್ ಎನ್ನುತ್ತಿದ್ದರು. ಅದರಲ್ಲಿ ನಮಗೆ ಮೆಚ್ಚುಗೆಯಾದದ್ದು ಚಾರ್ಜರಿನ ವಿಚಾರ. ಗೋಡೆಗೆ ಬೇರೆ ಯಂತ್ರ ಬೇಡ. ಗೀಸರಿಗೆ ಹಾಕುವ 15 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ ಸಾಕು, ಎಂಟು ತಾಸಿನಲ್ಲಿ ಪೂರ್ತಿ. 2010ರಲ್ಲಿ ಮಹೀಂದ್ರಾ ಕಂಪನಿ ರೇವಾವನ್ನು ಕೊಂಡಿತು. ಕಾರು ಹೆಚ್ಚು ಓಡಲಿಲ್ಲ, ಸಾಕೆಟ್ಟಿನ ಪಾಠ ಮಾತ್ರ ಉಳಿಯಿತು.

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಅವರಿಗೆ ಸಿಕ್ಕ ಎರಡು ಅಂಕಿಗಳೂ ಸುಳ್ಳಲ್ಲ, ಅವು ಎರಡು ಬೇರೆ ವಸ್ತುಗಳ ಬೆಲೆ. ಶೋರೂಮಿನವರು ಹೇಳಿದ್ದು ಗೋಡೆಗೆ ಹಾಕುವ 7.2 ಕಿಲೋವ್ಯಾಟಿನ ಪೆಟ್ಟಿಗೆಯದು. ವೈರಿಂಗ್ ಹುಡುಗ ಹೇಳಿದ್ದು ಕಾರಿನ ಜೊತೆ ಬರುವ ಚಾರ್ಜರಿಗೆ ಒಂದು ಒಳ್ಳೇ 16 ಆಂಪಿಯರ್ ಸಾಕೆಟ್, ಮೀಟರ್ ಬೋರ್ಡಿನಿಂದ ನೇರ 4 ಎಂಎಂ ತಾಮ್ರದ ವಯರು, ಎಂಸಿಬಿ, ಶಾಕ್ ಹೊಡೆದರೆ ಕಟ್ ಮಾಡುವ ಆರ್‌ಸಿಸಿಬಿ, ಒಂದು ಅರ್ಥ್ ಗುಂಡಿ, ಇಷ್ಟರದ್ದು. ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಮೀಟರಿನಿಂದ ಕೊಟ್ಟಿಗೆ ದೂರವಿದ್ದಷ್ಟೂ ವಯರಿನ ಖರ್ಚು ಏರುತ್ತದೆ. ಕಂಬದ ಕಥೆಯೇ ಮತ್ತೆ.

ಆದರೆ ನಿಜವಾದ ಖರ್ಚು ಪೆಟ್ಟಿಗೆಯಲ್ಲಿ ಅಡಗಿಲ್ಲ, ತಿಂಗಳ ಬಿಲ್ಲಿನಲ್ಲಿ ಅಡಗಿದೆ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ನಿಗದಿತ ಶುಲ್ಕ ಇದೆ. 2025ರ ಏಪ್ರಿಲ್‌ನಲ್ಲಿ ಅದು ತಿಂಗಳಿಗೆ 145 ರೂಪಾಯಿ ಆಯಿತು. ಆ ದರದಲ್ಲಿ ದೊಡ್ಡ ಪೆಟ್ಟಿಗೆಗಾಗಿ 7 ಕಿಲೋವ್ಯಾಟ್ ಹೆಚ್ಚಿಸಿಕೊಂಡರೆ ತಿಂಗಳಿಗೆ 1,015 ರೂಪಾಯಿ, ವರ್ಷಕ್ಕೆ 12,180. ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಕಟ್ಟಲೇಬೇಕು.

ಇನ್ನೊಂದು, ಗೃಹಜ್ಯೋತಿ. 2023ರಿಂದ ನಮ್ಮ ಬಹಳ ಮನೆಗಳಿಗೆ ಬಿಲ್ಲು ಸೊನ್ನೆ. ತಿಂಗಳಿಗೆ 70 ಯೂನಿಟ್ ಬಳಸುವ ಮನೆ ಎಂದುಕೊಳ್ಳಿ. ಕಾರು ದಿನಕ್ಕೆ 40 ಕಿಲೋಮೀಟರ್ ಓಡಿದರೆ ತಿಂಗಳಿಗೆ 1,200. ಯೂನಿಟ್ಟಿಗೆ 7 ಕಿಲೋಮೀಟರ್ ಹಿಡಿದರೂ 170 ಯೂನಿಟ್ ಬೇಕು. ಒಟ್ಟು 240. 200 ದಾಟಿದರೆ ದಾಟಿದ 40ಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. 2025ರ ಏಪ್ರಿಲ್‌ನ ದರದಲ್ಲಿ ಯೂನಿಟ್ಟಿಗೆ 5.80 ರೂಪಾಯಿಯಂತೆ 1,392, ಮೇಲೆ ನಿಗದಿತ ಶುಲ್ಕ, ತೆರಿಗೆ. ಅಷ್ಟೇ ದೂರಕ್ಕೆ ಪೆಟ್ರೋಲ್ ಹಾಕಿದರೆ ಏಳೆಂಟು ಸಾವಿರ ಆಗುತ್ತಿತ್ತು, ಅದೂ ನಿಜ. ಲಾಭ ಇಲ್ಲ ಎಂದು ನಾವು ಹೇಳುತ್ತಿಲ್ಲ. ಶೋರೂಮಿನ ಲೆಕ್ಕದಲ್ಲಿ ಈ ಸಾಲು ಇರುವುದಿಲ್ಲ, ಅಷ್ಟೇ. ಕಾರಿಗೆಂದೇ ಬೇರೆ ಮೀಟರ್ ಕೇಳಲೂ ಅವಕಾಶ ಇದೆ. ನಿಮ್ಮ ಸೆಕ್ಷನ್ ಆಫೀಸಿನಲ್ಲಿ ಎರಡೂ ಲೆಕ್ಕ ಹಾಕಿಸಿ ನೋಡಿ.

ಊರಿನ ಟಿಸಿಯನ್ನೂ ಮರೆಯಬೇಡಿ. 25 ಕೆವಿಎ ಟಿಸಿಯ ಕೆಳಗೆ ಎರಡು ಮನೆಯವರು ದೊಡ್ಡ ಪೆಟ್ಟಿಗೆ ಹಾಕಿಸಿ ಒಟ್ಟಿಗೆ ಚಾರ್ಜಿಗಿಟ್ಟರೆ ಅರ್ಧಕ್ಕಿಂತ ಹೆಚ್ಚು ಅವರಿಗೇ ಹೋಯಿತು. ಟಿಸಿ ಸುಟ್ಟರೆ ಕತ್ತಲಲ್ಲಿ ಕೂರುವುದು ಇಡೀ ಬೀದಿ. ಸಣ್ಣ ಸಾಕೆಟ್ ರಾತ್ರಿ ಎಂಟು ತಾಸಿನಲ್ಲಿ 26 ಯೂನಿಟ್ ತುಂಬಿಸುತ್ತದೆ, ಅಂದರೆ 180 ಕಿಲೋಮೀಟರ್ ಓಡುವಷ್ಟು. ದಿನಾ ತಾಲೂಕಿಗೆ ಹೋಗಿ ಬರುವವರಿಗೆ ಅದೇ ಹೆಚ್ಚು. ಹಾಗೆ ನೋಡಿದರೆ ಈ ಸಲ ನಗರದವರಿಗಿಂತ ನಾವೇ ಮೇಲು. ಅಪಾರ್ಟ್‌ಮೆಂಟಿನವರು ಪಾರ್ಕಿಂಗಿನಲ್ಲಿ ಒಂದು ಪಾಯಿಂಟ್ ಹಾಕಿಸಲು ಸಂಘದ ಒಪ್ಪಿಗೆಗೆ ಅಲೆಯಬೇಕು. ನಮ್ಮ ಗೋಡೆ, ನಮ್ಮ ಅಂಗಳ.

ಚಿಕ್ಕಪ್ಪ ಸಣ್ಣ ಸಾಕೆಟ್ಟನ್ನೇ ಆರಿಸಿದರು. ಕಾರು ಬಂತು, ಪೂಜೆಯಾಯಿತು, ನಿಂಬೆಹಣ್ಣು ತುಳಿಸಿದ್ದೂ ಆಯಿತು. ರಾತ್ರಿ ಚಾರ್ಜಿಗೆ ಹಾಕಿದರೆ ಕೆಂಪು ದೀಪ! ಅರ್ಥ್ ಇಲ್ಲದೆ ಚಾರ್ಜರ್ ಕೆಲಸ ಮಾಡುವುದಿಲ್ಲ. ಅವರ ಮನೆಯ ಅರ್ಥ್ ಗುಂಡಿ ಎಂದೋ ಒಣಗಿ ಹೋಗಿತ್ತು. ಮರುದಿನ ಬಚ್ಚಲ ಹಿಂದೆ ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಉಪ್ಪು ಇದ್ದಿಲು ತುಂಬಿದರು. ಕಾರು ಚಾರ್ಜ್ ಆಯಿತು. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೆರಡು ಸಲ ನೀರು ಹಾಕುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂದಿದೆ.