ಗಸ್ತಿನ ಸೈನಿಕನ ಅಂಗಿ: ಬೆಂಕಿಯ ಮುಂದೆ ನಾಲ್ಕು ಸೆಕೆಂಡು

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್

ಸೈನಿಕನ ಸಮವಸ್ತ್ರ ಎಂದೊಡನೆ ನಮಗೆ ನೆನಪಾಗುವುದು ಅದರ ಬಣ್ಣ. ಹುಲ್ಲು, ಮಣ್ಣು, ಮರಳಿನ ಬಣ್ಣದಲ್ಲಿ ಬೆರೆತು ಸೈನಿಕ ಶತ್ರುವಿನ ಕಣ್ಣಿಗೆ ಬೀಳಬಾರದು ಎಂಬುದು ಅದರ ಉದ್ದೇಶ. ಆದರೆ ಆ ಬಟ್ಟೆಯ ನೂಲು ಯಾವುದು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಬೆಂಕಿ ತಗುಲಿದಾಗ ಕೆಲವು ನೂಲು ಉರಿಯುತ್ತವೆ, ಕೆಲವು ಕರಗುತ್ತವೆ, ಕೆಲವು ಕರಿಯಾಗಿ ಅಲ್ಲೇ ನಿಲ್ಲುತ್ತವೆ. ಈ ವ್ಯತ್ಯಾಸವೇ ಎಷ್ಟೋ ಸೈನಿಕರ ಮುಂದಿನ ಬದುಕನ್ನು ನಿರ್ಧರಿಸಿದೆ. ಗಸ್ತಿಗೆ ಹೋಗುವ ಸೈನಿಕನ ಮೈಮೇಲೆ ಬೆಂಕಿ ನಿರೋಧಕ ಬಟ್ಟೆ ಬಂದ ಚರಿತ್ರೆಯನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಹೇಳಬೇಕೆನಿಸಿತು. ಇದರಲ್ಲಿ ವಿಜ್ಞಾನ ಇದೆ, ನಮ್ಮ ಮನೆಗಳಿಗೆ ಬೇಕಾದ ಒಂದು ಪಾಠವೂ ಇದೆ.

ಬಟ್ಟೆಗೆ ಬೆಂಕಿ ಹತ್ತದಂತೆ ಮಾಡುವ ಪ್ರಯತ್ನ ಬಹಳ ಹಳೆಯದು. 1735ರಲ್ಲೇ ಇಂಗ್ಲೆಂಡಿನಲ್ಲಿ ಒಬಾಡಯಾ ವೈಲ್ಡ್ ಎಂಬಾತ ಪಟಿಕ, ಬೋರಾಕ್ಸ್ ಮುಂತಾದ ಲವಣಗಳನ್ನು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಅನಿಲಗಳ ನಿಯಮದ ಪಾಠದಲ್ಲಿ ಹೆಸರು ಬರುವ ಫ್ರಾನ್ಸಿನ ಗೇ-ಲುಸಾಕ್, ನಾಟಕ ಮಂದಿರಗಳ ಪರದೆಗಳನ್ನು ಬೆಂಕಿಯಿಂದ ಕಾಪಾಡಲು ಅಮೋನಿಯಂ ಫಾಸ್ಫೇಟ್ ಮತ್ತು ಬೋರಾಕ್ಸ್ ಉಪಯುಕ್ತವೆಂದು 1821ರಲ್ಲಿ ತೋರಿಸಿದ. ಆದರೆ ಒಂದು ತೊಂದರೆ ಇತ್ತು. ಬಟ್ಟೆಯನ್ನು ಒಗೆದರೆ ಲವಣ ನೀರಿನಲ್ಲಿ ಕರಗಿ ಹೋಗುತ್ತಿತ್ತು. ತೂಗುಹಾಕಿದ ಪರದೆಗೆ ಇದು ಸಾಕಾಗಬಹುದು. ಮಳೆ, ಬೆವರು, ಕೆಸರಿನಲ್ಲಿ ಓಡಾಡುವ ಸೈನಿಕನಿಗೆ ಸಾಲದು.

ಯುದ್ಧದ ಬೆಂಕಿಯಿಂದ ಮೈ ಕಾಯುವ ಉಡುಪು ಮೊದಲು ಬಂದದ್ದು ಹಡಗಿನಲ್ಲಿದ್ದವರಿಗೆ. 1916ರ ಜಟ್ಲೆಂಡ್ ಕದನದಲ್ಲಿ ಹಡಗುಗಳ ಮದ್ದುಗುಂಡು ಹೊತ್ತಿಕೊಂಡು ಭಾರಿ ಅನಾಹುತವಾದ ಮೇಲೆ ಬ್ರಿಟಿಷ್ ನೌಕಾಪಡೆ ತನ್ನ ನಾವಿಕರಿಗೆ ಮುಖಗವಸು, ಕೈಗವಸು ಕೊಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಬೆಂಕಿಗೆ ಸಿಕ್ಕವರು ವಿಮಾನ ಚಾಲಕರು. ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮೆಕಿಂಡೋ ಸುಟ್ಟ ಮುಖ, ಸುಟ್ಟ ಬೆರಳುಗಳನ್ನು ಮತ್ತೆ ರೂಪಿಸುವ ಕೆಲಸ ಮಾಡಿದರು. ಅವರ ರೋಗಿಗಳು 1941ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ತಮ್ಮ ಮೇಲೆ ಹೊಸ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ ಎಂಬ ತಮಾಷೆಯಿಂದ ಅದಕ್ಕೆ ‘ಗಿನಿಪಿಗ್ ಕ್ಲಬ್’ ಎಂದು ಹೆಸರಿಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಅದರಲ್ಲಿ 649 ಸದಸ್ಯರಿದ್ದರು. ಕೈಗವಸು, ಕನ್ನಡಕ ತೆಗೆದಿಟ್ಟು ಹಾರಿದವರ ಕೈ ಮತ್ತು ಮುಖವೇ ಹೆಚ್ಚು ಸುಡುತ್ತಿತ್ತು ಎಂಬುದು ಆಗ ಸ್ಪಷ್ಟವಾಯಿತು.

ಮುಂದಿನ ಪ್ರಶ್ನೆ: ಚರ್ಮ ಎಷ್ಟು ಶಾಖವನ್ನು ಎಷ್ಟು ಹೊತ್ತು ತಾಳುತ್ತದೆ? ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಆಲಿಸ್ ಸ್ಟಾಲ್ ಎಂಬ ವಿಜ್ಞಾನಿ ಇದನ್ನು ವರ್ಷಗಟ್ಟಲೆ ಅಳೆದರು. ಶಾಖದ ತೀವ್ರತೆ ಮತ್ತು ಬೊಬ್ಬೆ ಏಳುವ ಸಮಯದ ಸಂಬಂಧವನ್ನು ತೋರಿಸುವ ಅವರ ರೇಖೆಗೆ ಇಂದಿಗೂ ‘ಸ್ಟಾಲ್ ರೇಖೆ’ ಎಂದೇ ಹೆಸರು. 60 ಡಿಗ್ರಿ ಸೆಲ್ಸಿಯಸ್ ನೀರು ಸುಮಾರು ಐದೇ ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ಇಂಧನದ ಜ್ವಾಲೆಯ ಮುಂದೆ ಅಷ್ಟು ಸಮಯವೂ ಸಿಗುವುದಿಲ್ಲ. ಹಾಗಾಗಿ ಬಟ್ಟೆ ಮಾಡಬೇಕಾದ ಕೆಲಸ ಎಂದರೆ ಓಡಿ ಹೊರಬರಲು ಬೇಕಾದ ಕೆಲವು ಸೆಕೆಂಡುಗಳನ್ನು ಗಳಿಸಿಕೊಡುವುದು.

ಅದೇ ಕಾಲಕ್ಕೆ, 1960ರ ದಶಕದ ಆರಂಭದಲ್ಲಿ, ಡುಪಾಂಟ್ ಕಂಪನಿಯ ವಿಲ್ಫ್ರೆಡ್ ಸ್ವೀನಿ ಹೊಸ ನೂಲೊಂದನ್ನು ರೂಪಿಸಿದರು. ಅದೇ ನೊಮೆಕ್ಸ್. ಇದರಲ್ಲಿ ಬೆಂಕಿ ನಿರೋಧಕ ಗುಣ ಲೇಪನದಿಂದ ಬಂದದ್ದಲ್ಲ, ನೂಲಿನ ಅಣುರಚನೆಯಲ್ಲೇ ಇದೆ. ಎಷ್ಟು ಒಗೆದರೂ ಹೋಗುವುದಿಲ್ಲ. ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕ ಇದೆ ಎಂದು ನಾವೆಲ್ಲ ಓದಿದ್ದೇವೆ. ಹತ್ತಿ ಉರಿಯುತ್ತಿರಲು ಸುಮಾರು ಶೇ. 18 ಸಾಕು. ನೊಮೆಕ್ಸ್‌ಗೆ ಶೇ. 28ರ ಆಸುಪಾಸು ಬೇಕು. ಆದ್ದರಿಂದ ಜ್ವಾಲೆಯನ್ನು ದೂರ ಮಾಡಿದರೆ ಅದು ತಾನಾಗಿ ನಂದುತ್ತದೆ, ಕರಗಿ ತೊಟ್ಟಿಕ್ಕುವುದಿಲ್ಲ. ವಿಯೆಟ್ನಾಂ ಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಹೆಲಿಕಾಪ್ಟರ್ ಚಾಲಕರು ಈ ಉಡುಪನ್ನು ಧರಿಸತೊಡಗಿದರು. ಬಳಿಕ ಟ್ಯಾಂಕ್ ಸಿಬ್ಬಂದಿಗೂ ಬಂತು. ನಡೆದು ಗಸ್ತು ತಿರುಗುವ ಸೈನಿಕನಿಗೆ ಬರಲಿಲ್ಲ. ಅವನಿಗೆ ಗುಂಡಿನ ಭಯವಿದೆ, ಬೆಂಕಿಯದಲ್ಲ ಎಂಬ ಲೆಕ್ಕಾಚಾರ.

1982ರ ಫಾಕ್‌ಲ್ಯಾಂಡ್ಸ್ ಯುದ್ಧ ಇನ್ನೊಂದು ಪಾಠ ಕಲಿಸಿತು. ಮೇ 4ರಂದು ಅರ್ಜೆಂಟೀನಾದ ಕ್ಷಿಪಣಿ ಬಡಿದು ಬ್ರಿಟನ್ನಿನ ಶೆಫೀಲ್ಡ್ ಹಡಗು ಹೊತ್ತಿ ಉರಿಯಿತು. 20 ಜನ ಸತ್ತರು. ನಾವಿಕರ ನೈಲಾನ್ ಮತ್ತಿತರ ಕೃತಕ ನೂಲಿನ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ ಎಂಬುದು ಆ ಬೆಂಕಿಯಲ್ಲಿ ಗೊತ್ತಾಯಿತು. ಅಂಟಿಕೊಂಡ ಬಿಸಿ ನೂಲು ಬೆಂಕಿ ಆರಿದ ಮೇಲೂ ಸುಡುತ್ತಲೇ ಇರುತ್ತದೆ. ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ.

ಇಪ್ಪತ್ತನಾಲ್ಕು ವರ್ಷಗಳ ಬಳಿಕ ಇದೇ ಪಾಠವನ್ನು ಇನ್ನೊಂದು ದೇಶದ ಸೈನ್ಯ ಇನ್ನೊಂದು ನೆಲದಲ್ಲಿ ಮತ್ತೆ ಕಲಿಯಬೇಕಾಯಿತು. 2003ರ ನಂತರ ಇರಾಕ್‌ನಲ್ಲಿ ಗಸ್ತು ಹೋಗುತ್ತಿದ್ದ ಅಮೆರಿಕದ ಸೈನಿಕರಿಗೆ ದೊಡ್ಡ ಅಪಾಯವೆಂದರೆ ರಸ್ತೆ ಬದಿಯಲ್ಲಿ ಹುದುಗಿಸಿಟ್ಟ ಬಾಂಬ್. ಅದು ಸಿಡಿದಾಗ ವಾಹನದ ಇಂಧನ ಹೊತ್ತಿಕೊಂಡು ಒಳಗಿದ್ದವರನ್ನು ಸುಡುತ್ತಿತ್ತು. ಅಲ್ಲಿನ ಬಿಸಿಲೋ ವಿಪರೀತ. ಗುಂಡು ನಿರೋಧಕ ಕವಚದ ಕೆಳಗೆ ಮೈ ಬೆವೆತು ತೊಪ್ಪೆಯಾಗುತ್ತಿತ್ತು. ಅದಕ್ಕಾಗಿ ಅನೇಕರು ಬೆವರು ಬೇಗ ಆರಿಸುವ, ಆಟಗಾರರು ತೊಡುವಂಥ ಪಾಲಿಯೆಸ್ಟರ್ ಬನಿಯನ್‌ಗಳನ್ನು ತೊಡುತ್ತಿದ್ದರು. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಯಲ್ಲಿ ಕರಗುತ್ತದೆ. ಮೇಲಿನ ಸಮವಸ್ತ್ರವೂ ಅರ್ಧ ನೈಲಾನ್, ಅರ್ಧ ಹತ್ತಿಯದು. 2006ರ ಏಪ್ರಿಲ್‌ನಲ್ಲಿ ಅಮೆರಿಕದ ಮರೀನ್ ಪಡೆ, ಇರಾಕ್‌ನಲ್ಲಿ ಶಿಬಿರದಿಂದ ಹೊರಗೆ ಹೋಗುವಾಗ ಪಾಲಿಯೆಸ್ಟರ್, ನೈಲಾನ್ ಇರುವ ಕ್ರೀಡಾ ಉಡುಪು ತೊಡಬಾರದೆಂದು ಆದೇಶಿಸಿತು. ಗಸ್ತಿನ ಸೈನಿಕನಿಗೆ ಬೆಂಕಿಯ ಅಪಾಯವಿದೆ ಎಂದು ಆಗ ಬರಹದಲ್ಲಿ ಒಪ್ಪಿದಂತಾಯಿತು.

2007ರಿಂದ ಮರೀನ್ ಪಡೆಗೆ ಬೆಂಕಿ ನಿರೋಧಕ ಅಂಗಿ, ಪ್ಯಾಂಟು, ಕೈಗವಸು, ತಲೆಗವಸುಗಳ ಪೂರ್ಣ ಜೊತೆ ಬಂತು. ಅದರ ಹೆಸರಿನ ಮೊದಲಕ್ಷರಗಳು ಸೇರಿ ‘ಫ್ರಾಗ್’, ಅಂದರೆ ಕಪ್ಪೆ ಎಂದಾಗುತ್ತಿತ್ತು! ಭೂಸೇನೆಯೂ ಯುದ್ಧಭೂಮಿಗೆ ಹೊರಟವರಿಗೆ ಹೊಸ ಸಮವಸ್ತ್ರ ಕೊಟ್ಟಿತು. ಅದರಲ್ಲಿ ಶೇ. 65 ಬೆಂಕಿ ನಿರೋಧಕ ರೇಯಾನ್, ಶೇ. 25 ಗಟ್ಟಿಯಾದ ಅರಾಮಿಡ್ ನೂಲು, ಶೇ. 10 ನೈಲಾನ್. ರೇಯಾನ್ ಬೆವರು ಹೀರುತ್ತದೆ, ಬೆಂಕಿಗೆ ಸಿಕ್ಕರೆ ಕರಗದೆ ಇಂಗಾಲದ ಪದರವಾಗುತ್ತದೆ. ಅರಾಮಿಡ್ ಆ ಪದರ ಒಡೆಯದಂತೆ ಹಿಡಿದಿಡುತ್ತದೆ. ನೈಲಾನ್ ಇರುವುದು ಬಾಳಿಕೆಗೆ. ಪ್ರಮಾಣ ಕಡಿಮೆ ಇರುವುದರಿಂದ ಅದು ತೊಟ್ಟಿಕ್ಕುವುದಿಲ್ಲ.

ಈ ರೇಯಾನ್ ತಯಾರಾಗುತ್ತಿದ್ದುದು ಆಸ್ಟ್ರಿಯಾ ದೇಶದಲ್ಲಿ, ಬೀಚ್ ಎಂಬ ಮರದ ತಿರುಳಿನಿಂದ. ಸೈನ್ಯದ ಬಟ್ಟೆಯ ನೂಲು ಸ್ವದೇಶದ್ದೇ ಆಗಿರಬೇಕೆಂಬ ನಿಯಮ ಅಮೆರಿಕದಲ್ಲಿ 1941ರಿಂದ ಇದೆ. ಬೆಂಕಿ ನಿರೋಧಕ ರೇಯಾನ್‌ಗಾಗಿ ಆ ನಿಯಮಕ್ಕೆ ಕಾನೂನಿನಲ್ಲೇ ವಿನಾಯಿತಿ ಕೊಡಬೇಕಾಯಿತು.

ಇಂಥ ಬಟ್ಟೆಯ ಪರೀಕ್ಷೆ ನನ್ನಂಥ ಸಾಫ್ಟ್‌ವೇರ್ ಕೆಲಸದವನಿಗೆ ಬಹಳ ಆಸಕ್ತಿ ಹುಟ್ಟಿಸಿದ ಭಾಗ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ‘ಪೈರೋಮ್ಯಾನ್’ ಎಂಬ ಆಳೆತ್ತರದ ಬೊಂಬೆ ಇದೆ. ಅದರ ಮೈಯಲ್ಲಿ ಶಾಖ ಅಳೆಯುವ 122 ಸಂವೇದಕಗಳಿವೆ. ಸಮವಸ್ತ್ರ ತೊಡಿಸಿ, ಸುತ್ತಲಿಂದ ಕೆಲವು ಸೆಕೆಂಡು ಜ್ವಾಲೆ ಹಾಯಿಸುತ್ತಾರೆ. ಸೈನಿಕ ಉಡುಪಿಗೆ ಸಾಮಾನ್ಯವಾಗಿ ನಾಲ್ಕು ಸೆಕೆಂಡು. ಒಳಗಿದ್ದವನು ಮನುಷ್ಯನಾಗಿದ್ದರೆ ಮೈಯ ಎಷ್ಟು ಭಾಗ ಎಷ್ಟು ಆಳಕ್ಕೆ ಸುಡುತ್ತಿತ್ತು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹಿಂದೆ ಆಸ್ಪತ್ರೆಯ ಹಾಸಿಗೆಯ ಮೇಲೆ ತಿಳಿಯುತ್ತಿದ್ದುದನ್ನು ಈಗ ಬೊಂಬೆಯ ಮೇಲೆ ತಿಳಿಯಬಹುದು. ಲೆಕ್ಕದ ಬುಡದಲ್ಲಿರುವುದು ಮಾತ್ರ ಹಿಂದಿನವರ ಚರ್ಮದ ಮೇಲೆ ಅಳೆದ ಸಂಗತಿಗಳೇ.

ಈ ಬಟ್ಟೆಗೂ ಮಿತಿಗಳಿವೆ. ಹಳೆಯ ನೈಲಾನ್-ಹತ್ತಿ ಬಟ್ಟೆಗಿಂತ ಇದು ಬೇಗ ಹರಿಯುತ್ತದೆ ಎಂಬ ದೂರು ಸೈನಿಕರಿಂದಲೇ ಬಂತು. ಬೆಲೆಯೂ ಹೆಚ್ಚು. ಇಸ್ತ್ರಿ ಗರಿಗರಿಯಾಗಲೆಂದು ಗಂಜಿ ಹಾಕುವಂತಿಲ್ಲ; ಗಂಜಿ ಬೆಂಕಿಗೆ ಸೌದೆ ಇದ್ದ ಹಾಗೆ. ತೋಳು ಮಡಚಿದರೆ, ಕೈಗವಸು ಜೇಬಿನಲ್ಲಿದ್ದರೆ, ಒಳಗೆ ಪಾಲಿಯೆಸ್ಟರ್ ಇದ್ದರೆ ಹೊರಗಿನ ಬಟ್ಟೆ ಎಷ್ಟು ಒಳ್ಳೆಯದಾದರೂ ರಕ್ಷಣೆ ಅರ್ಧವೇ.

ಈ ಚರಿತ್ರೆಯನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಕಾಣುತ್ತದೆ. ಮೊದಲು ನಾವಿಕ, ಆಮೇಲೆ ವಿಮಾನ ಚಾಲಕ, ಆಮೇಲೆ ಟ್ಯಾಂಕಿನವನು, ಕೊನೆಗೆ ಗಸ್ತಿನ ಸೈನಿಕ. ಯಾರು ಬೆಂಕಿಯ ಹತ್ತಿರ ಇದ್ದಾರೆಂದು ಮೇಲಿನವರು ಎಣಿಸಿದರೋ ಅವರಿಗೆ ಬಟ್ಟೆ ಬಂತು. ಎಣಿಕೆಗೆ ಸಿಗದವರು ಸುಟ್ಟುಕೊಂಡ ಮೇಲೆಯೇ ಎಣಿಕೆಗೆ ಬಂದರು. ನೈಲಾನ್ ಕರಗುತ್ತದೆ ಎಂಬುದು 2006ರಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ತಿಳಿವಳಿಕೆ ಪುಸ್ತಕದಲ್ಲಿತ್ತು, ಅದು ಬೇಕಾದವನ ಮೈಗೆ ತಲುಪಿರಲಿಲ್ಲ.

ಈ ಮಾತು ನಮಗೂ ಅನ್ವಯಿಸುತ್ತದೆ. ಕೃತಕ ನೂಲಿನ ಬಟ್ಟೆ ತೊಟ್ಟು ಒಲೆಯ ಹತ್ತಿರ, ಪ್ರಯೋಗಾಲಯದಲ್ಲಿ ಕೆಲಸ ಮಾಡಬಾರದೆಂದು ಶಾಲೆಯ ವಿಜ್ಞಾನ ಪಾಠದಲ್ಲೇ ಓದುತ್ತೇವೆ. ಆದರೂ ಆಲೆಮನೆಯ ಕೊಪ್ಪರಿಗೆಯ ಮುಂದೆ, ವೆಲ್ಡಿಂಗ್ ಶಾಪಿನಲ್ಲಿ, ಹಬ್ಬದ ಅಡುಗೆಯ ದೊಡ್ಡ ಒಲೆಯ ಬಳಿ, ದೀಪಾವಳಿಯ ಪಟಾಕಿ ಹಚ್ಚುವಾಗ ನಮ್ಮ ಮೈಮೇಲೆ ಇರುವುದು ಹೆಚ್ಚಾಗಿ ಅದೇ ಬಟ್ಟೆ. ಹತ್ತಿ ಉರಿಯುವುದಿಲ್ಲ ಎಂದಲ್ಲ. ಚೆನ್ನಾಗಿಯೇ ಉರಿಯುತ್ತದೆ, ಸಡಿಲವಾದ ಸೆರಗಿಗಂತೂ ಬೇಗ ಹತ್ತುತ್ತದೆ. ಆದರೆ ಅದು ಕರಗಿ ಮೈಗೆ ಮೆತ್ತಿಕೊಳ್ಳುವುದಿಲ್ಲ, ಕಿತ್ತೆಸೆಯಲು ಅವಕಾಶ ಇರುತ್ತದೆ.

ಶಾಲೆಯ ವಿಜ್ಞಾನ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಒಂದು ಹತ್ತಿ ನೂಲು, ಒಂದು ನೈಲಾನ್ ನೂಲನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ಮರಳಿನ ತಟ್ಟೆ ಇಟ್ಟು, ಸುಟ್ಟು ತೋರಿಸಿ. ಒಂದು ಬೂದಿಯಾಗುತ್ತದೆ, ಇನ್ನೊಂದು ಮಣಿಯಂತೆ ಕರಗಿ ಗಟ್ಟಿಯಾಗುತ್ತದೆ. ಆ ಮಣಿಯನ್ನು ತಣ್ಣಗಾದ ಮೇಲೆ ಮಕ್ಕಳ ಅಂಗೈಯಲ್ಲಿ ಇಡಿ. ಸಂಜೆ ಅವರು ಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಾರೆ.