ಮುಸ್ಲಿಂ ಸಮಾಜಗಳಲ್ಲಿ ಹೆಚ್.ಐ.ವಿ./ಏಡ್ಸ್: ಸಾಮಾಜಿಕ ಮತ್ತು ಸಾಂಸ್ಕೃತಿಕ ಸವಾಲುಗಳು

ಪೀಠಿಕೆ

ಹೆಚ್.ಐ.ವಿ. ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಾಣುವಾಗಿದೆ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಬಳಸಿದ ಸೂಜಿ ಹಾಗೂ ಸೋಂಕಿತ ತಾಯಿಯಿಂದ ಮಗುವಿಗೆ, ಹೀಗೆ ನಾಲ್ಕು ಪ್ರಮುಖ ಮಾರ್ಗಗಳಲ್ಲಿ ಇದು ಹರಡುತ್ತದೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದ ರಾಷ್ಟ್ರಗಳಲ್ಲಿ ಸೋಂಕಿನ ಪ್ರಮಾಣ ಒಟ್ಟಾರೆ ಕಡಿಮೆ ಇದೆ. ಆದರೆ 2010ರ ನಂತರ ಹೊಸ ಸೋಂಕುಗಳು ಹೆಚ್ಚುತ್ತಿರುವ ಪ್ರದೇಶಗಳಲ್ಲಿ ಇದೂ ಒಂದಾಗಿದೆ. ಪರೀಕ್ಷೆ ಮತ್ತು ಚಿಕಿತ್ಸೆ ಪಡೆಯುವವರ ಪ್ರಮಾಣವೂ ಅಲ್ಲಿ ಕಡಿಮೆ ಇರುತ್ತದೆ. ಔಷಧಿಯ ಕೊರತೆಗಿಂತಲೂ ಲೋಕಾಪವಾದದ ಭಯ ಹಾಗೂ ಮೌನವೇ ಅನೇಕ ಕಡೆ ಇದಕ್ಕೆ ಕಾರಣವಾಗಿದೆ. ಧರ್ಮಗುರುಗಳು ಮತ್ತು ವೈದ್ಯರು ಒಟ್ಟಾಗಿ ಈ ಮೌನವನ್ನು ಮುರಿದ ಕಡೆಗಳಲ್ಲಿ ಉತ್ತಮ ಫಲಿತಾಂಶ ದೊರೆತಿದೆ.

ಪ್ರಮುಖ ಸವಾಲುಗಳು

1. ಕಳಂಕ: ಸೋಂಕನ್ನು ಪಾಪದ ಫಲವೆಂದು ಭಾವಿಸುವುದರಿಂದ ಸೋಂಕಿತರು ಮನೆಯವರಿಗೂ ವಿಷಯ ತಿಳಿಸದೆ ಉಳಿಯುತ್ತಾರೆ. ಈ ಭಾವನೆಗೆ ವಾಸ್ತವದ ಆಧಾರವಿಲ್ಲ. ಇರಾನ್‌ನಲ್ಲಿ 1987ರಲ್ಲಿ ಪತ್ತೆಯಾದ ಮೊದಲ ಪ್ರಕರಣವು ರಕ್ತ ಹೆಪ್ಪುಗಟ್ಟದ ಕಾಯಿಲೆಯಿದ್ದ ಆರು ವರ್ಷದ ಮಗುವಿನದು. 2019ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ರತೋದೆರೋ ಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ಜನರಲ್ಲಿ ಸೋಂಕು ಕಂಡುಬಂದಿತು. ಅವರಲ್ಲಿ ಬಹುಪಾಲು ಮಕ್ಕಳಾಗಿದ್ದು, ಸಿರಿಂಜುಗಳ ಮರುಬಳಕೆ ಪ್ರಮುಖ ಕಾರಣವೆಂದು ತಿಳಿದುಬಂದಿತು.

2. ಮಹಿಳೆಯರ ಸ್ಥಿತಿ: ಸೋಂಕಿತ ಮಹಿಳೆಯರಲ್ಲಿ ಅನೇಕರಿಗೆ ಸ್ವಂತ ಪತಿಯಿಂದಲೇ ಸೋಂಕು ತಗುಲಿರುತ್ತದೆ. ಪತಿಯ ಆರೋಗ್ಯದ ಬಗ್ಗೆ ಪ್ರಶ್ನಿಸುವುದು ಅಥವಾ ಒಬ್ಬಂಟಿಯಾಗಿ ಪರೀಕ್ಷಾ ಕೇಂದ್ರಕ್ಕೆ ಹೋಗುವುದು ಅವರಿಗೆ ಸುಲಭವಲ್ಲ.

3. ಹುಸಿ ಧೈರ್ಯ: ಸುನ್ನತಿಯಿಂದ ಪುರುಷರಿಗೆ ಮಹಿಳೆಯರಿಂದ ಸೋಂಕು ತಗುಲುವ ಸಾಧ್ಯತೆ ಸುಮಾರು ಶೇ. 60ರಷ್ಟು ಕಡಿಮೆಯಾಗುವುದು ಆಫ್ರಿಕಾದಲ್ಲಿ ನಡೆದ ಅಧ್ಯಯನಗಳಿಂದ ದೃಢಪಟ್ಟಿದೆ. ಆದರೆ ಇದು ಪೂರ್ಣ ರಕ್ಷಣೆಯಲ್ಲ. ಒಂದೇ ಕತ್ತಿಯಿಂದ ಹಲವು ಮಕ್ಕಳಿಗೆ ಸುನ್ನತಿ ಮಾಡಿದಲ್ಲಿ ಅದೇ ಅಪಾಯಕ್ಕೆ ದಾರಿಯಾಗುತ್ತದೆ.

4. ಅಂತ್ಯಸಂಸ್ಕಾರ: ಮೃತದೇಹಕ್ಕೆ ಸ್ನಾನ ಮಾಡಿಸುವುದು ಧಾರ್ಮಿಕ ಕರ್ತವ್ಯವಾಗಿರುತ್ತದೆ. ಸೋಂಕಿನ ಭಯದಿಂದ ಇದನ್ನು ನಿರಾಕರಿಸಿದಾಗ ಕುಟುಂಬಕ್ಕೆ ಅಪಾರ ನೋವುಂಟಾಗುತ್ತದೆ. ಕೈಗವಸು ಧರಿಸಿ ಸಾಮಾನ್ಯ ಎಚ್ಚರಿಕೆ ವಹಿಸಿದಲ್ಲಿ ಈ ವಿಧಿಯನ್ನು ಸುರಕ್ಷಿತವಾಗಿ ನೆರವೇರಿಸಬಹುದಾಗಿದೆ.

ವಿವಿಧ ರಾಷ್ಟ್ರಗಳ ಅನುಭವ

ಉಗಾಂಡಾ: 1989ರಲ್ಲಿ ಇಲ್ಲಿನ ಮುಸ್ಲಿಂ ಧರ್ಮಗುರುಗಳು ಏಡ್ಸ್ ವಿರುದ್ಧ ‘ಜಿಹಾದ್’ ಸಾರಿದರು. ಇಲ್ಲಿ ಈ ಪದಕ್ಕೆ ಪರಿಶ್ರಮವೆಂಬ ಅರ್ಥವಿದೆ. ಉಗಾಂಡಾದ ಇಸ್ಲಾಮಿಕ್ ವೈದ್ಯಕೀಯ ಸಂಘವು 1992ರಿಂದ ಇಮಾಮರಿಗೆ ಹಾಗೂ ಅವರ ಪುರುಷ ಮತ್ತು ಮಹಿಳಾ ಸಹಾಯಕರಿಗೆ ತರಬೇತಿ ನೀಡಿ, ಮನೆಮನೆಗೆ ಮಾಹಿತಿ ತಲುಪಿಸಿತು. ಕಾಂಡೋಮ್ ವಿಷಯದಲ್ಲಿ ಆರಂಭದಲ್ಲಿ ಆಕ್ಷೇಪಣೆಗಳಿದ್ದವು. ಚರ್ಚೆಯ ನಂತರ ಅದರ ಬಗ್ಗೆಯೂ ತಿಳಿವಳಿಕೆ ನೀಡಲಾಯಿತು.

ಸೆನೆಗಲ್: 1995ರಲ್ಲಿ ರಾಜಧಾನಿ ಡಕಾರ್‌ನಲ್ಲಿ ಏಡ್ಸ್ ಕುರಿತು ಇಸ್ಲಾಂ ಧರ್ಮಗುರುಗಳ ಸಮಾವೇಶ ನಡೆಯಿತು. ಸಂಯಮ ಮತ್ತು ದಾಂಪತ್ಯ ನಿಷ್ಠೆಯನ್ನು ಮಸೀದಿಗಳಲ್ಲಿ ಬೋಧಿಸಿದರೆ, ಇತರ ರಕ್ಷಣಾ ವಿಧಾನಗಳನ್ನು ಆರೋಗ್ಯ ಇಲಾಖೆ ತಿಳಿಸಿತು. ಇಲ್ಲಿ ಸೋಂಕಿನ ಪ್ರಮಾಣ ಆಫ್ರಿಕಾದ ಅನೇಕ ರಾಷ್ಟ್ರಗಳಿಗಿಂತ ಕಡಿಮೆ ಉಳಿದಿದೆ.

ಇರಾನ್: ಇಲ್ಲಿ ಮಾದಕ ವಸ್ತುಗಳ ಚುಚ್ಚುಮದ್ದಿನಿಂದ ಸೋಂಕು ಹೆಚ್ಚಾಗಿ ಹರಡಿತ್ತು. 2000ರಲ್ಲಿ ಕೆರ್ಮಾನ್‌ಶಾಹ್ ನಗರದಲ್ಲಿ ಲೈಂಗಿಕ ರೋಗಗಳ ಚಿಕಿತ್ಸೆ, ಹೆಚ್.ಐ.ವಿ. ಆರೈಕೆ ಹಾಗೂ ವ್ಯಸನಿಗಳಿಗೆ ನೆರವು, ಈ ಮೂರೂ ಸೇವೆಗಳು ಒಂದೇ ಕಡೆ ದೊರೆಯುವ ‘ತ್ರಿಕೋನ ಚಿಕಿತ್ಸಾಲಯ’ ಆರಂಭವಾಯಿತು. ಯಾವ ಕಾರಣಕ್ಕೆ ಬಂದವರೆಂದು ಹೊರಗಿನವರಿಗೆ ತಿಳಿಯದಿರುವುದು ಇದರ ವಿಶೇಷ. 2005ರಲ್ಲಿ ನ್ಯಾಯಾಂಗದ ಮುಖ್ಯಸ್ಥರು ಇಂತಹ ಕಾರ್ಯಕ್ರಮಗಳಿಗೆ ಅಡ್ಡಿಪಡಿಸದಂತೆ ಸುತ್ತೋಲೆ ಹೊರಡಿಸಿದರು.

ಮಲೇಷ್ಯಾ: ಜೊಹೊರ್ ರಾಜ್ಯದಲ್ಲಿ 2001ರಿಂದ ಮುಸ್ಲಿಂ ವಧೂವರರಿಗೆ ವಿವಾಹಪೂರ್ವ ಹೆಚ್.ಐ.ವಿ. ಪರೀಕ್ಷೆಯನ್ನು ಕಡ್ಡಾಯಗೊಳಿಸಲಾಯಿತು. ಕಡ್ಡಾಯ ಪರೀಕ್ಷೆಯಿಂದ ಗೋಪ್ಯತೆಗೆ ಧಕ್ಕೆಯಾಗುವುದೆಂಬ ಆಕ್ಷೇಪಣೆಯೂ ಇದೆ. ತಾಯಿಯಿಂದ ಮಗುವಿಗೆ ಸೋಂಕು ಹರಡುವುದನ್ನು ನಿವಾರಿಸಿದ್ದಕ್ಕಾಗಿ ಮಲೇಷ್ಯಾ 2018ರಲ್ಲಿ, ಮಾಲ್ಡೀವ್ಸ್ 2019ರಲ್ಲಿ ಹಾಗೂ ಒಮಾನ್ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದಿವೆ. ಗರ್ಭಿಣಿಯರ ಪರೀಕ್ಷೆ ಹಾಗೂ ಚಿಕಿತ್ಸೆ ಇದಕ್ಕೆ ಮುಖ್ಯ ಆಧಾರವಾಗಿತ್ತು.

ಚಿಕಿತ್ಸೆ ಮತ್ತು ಧಾರ್ಮಿಕ ಆಚರಣೆ

ಎ.ಆರ್.ಟಿ. ಔಷಧಿಯನ್ನು ಪ್ರತಿದಿನ ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅದೇ ಸ್ಥಿತಿಯಲ್ಲಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ದಿನಕ್ಕೊಮ್ಮೆ ಸೇವಿಸುವ ಮಾತ್ರೆಯನ್ನು ರಂಜಾನ್ ತಿಂಗಳಲ್ಲಿ ಇಫ್ತಾರ್ ಅಥವಾ ಸಹರಿ ವೇಳೆಗೆ ಹೊಂದಿಸಿಕೊಳ್ಳಲು ವೈದ್ಯರ ಸಲಹೆ ಪಡೆಯತಕ್ಕದ್ದು. ಅನಾರೋಗ್ಯವಿದ್ದವರಿಗೆ ಉಪವಾಸದಿಂದ ವಿನಾಯಿತಿ ಇರುತ್ತದೆ. ಉಪವಾಸದ ಕಾರಣಕ್ಕೆ ಔಷಧಿ ನಿಲ್ಲಿಸಬಾರದು.

ಗಲ್ಫ್ ರಾಷ್ಟ್ರಗಳಿಗೆ ತೆರಳುವವರ ಗಮನಕ್ಕೆ

ಗಲ್ಫ್ ರಾಷ್ಟ್ರಗಳಲ್ಲಿ ಉದ್ಯೋಗ ವೀಸಾ ಪಡೆಯಲು ಹೆಚ್.ಐ.ವಿ. ಪರೀಕ್ಷೆ ಕಡ್ಡಾಯವಾಗಿರುತ್ತದೆ. ಸೋಂಕು ಕಂಡುಬಂದಲ್ಲಿ ವೀಸಾ ದೊರೆಯುವುದಿಲ್ಲ. ಅಲ್ಲಿ ನೆಲೆಸಿರುವ ವಿದೇಶಿ ಕಾರ್ಮಿಕರಲ್ಲಿ ಸೋಂಕು ಪತ್ತೆಯಾದರೆ ಸ್ವದೇಶಕ್ಕೆ ಕಳುಹಿಸುವ ಕ್ರಮವಿದೆ. ಕರ್ನಾಟಕದ ಕರಾವಳಿಯಿಂದ ಅನೇಕರು ಉದ್ಯೋಗಕ್ಕಾಗಿ ಅಲ್ಲಿಗೆ ತೆರಳುತ್ತಾರೆ. ಹೀಗೆ ಹಿಂದಿರುಗಿದವರು ಸಂಕೋಚದಿಂದ ಚಿಕಿತ್ಸೆಯನ್ನು ಮುಂದೂಡದೆ, ಸಮೀಪದ ಸರ್ಕಾರಿ ಎ.ಆರ್.ಟಿ. ಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದಾಗಿದೆ. ವೀಸಾ ನಿರಾಕರಣೆಯು ಚಿಕಿತ್ಸೆಯ ಹಕ್ಕಿಗೆ ಬಾಧಕವಾಗುವುದಿಲ್ಲ.

ಕಾನೂನಿನ ರಕ್ಷಣೆ ಮತ್ತು ಸೇವೆಗಳು

ಹೆಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017 ದಿನಾಂಕ 10.09.2018ರಿಂದ ಜಾರಿಯಲ್ಲಿದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಇದರನ್ವಯ:

- ಸಾಮಾನ್ಯವಾಗಿ ವ್ಯಕ್ತಿಯ ತಿಳಿವಳಿಕೆಯುಕ್ತ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ.
- ಸೋಂಕಿನ ವಿವರವನ್ನು ಗೋಪ್ಯವಾಗಿಡತಕ್ಕದ್ದು.
- ಉದ್ಯೋಗ, ಶಿಕ್ಷಣ, ಚಿಕಿತ್ಸೆ ಮತ್ತು ಬಾಡಿಗೆ ಮನೆ ನೀಡುವಲ್ಲಿ ತಾರತಮ್ಯ ನಿಷಿದ್ಧ. ಸ್ಮಶಾನ ಮತ್ತು ಅಂತ್ಯಸಂಸ್ಕಾರದ ಸೌಲಭ್ಯಕ್ಕೂ ಇದು ಅನ್ವಯವಾಗುತ್ತದೆ.
- ಆರೋಗ್ಯ ಸೇವೆಯಲ್ಲಿ ತಾರತಮ್ಯವಾದಲ್ಲಿ ರಾಜ್ಯದ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು.

ಆಪ್ತಸಮಾಲೋಚನೆ ಮತ್ತು ಪರೀಕ್ಷೆ ಸರ್ಕಾರಿ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿಯೂ, ಔಷಧಿ ಎ.ಆರ್.ಟಿ. ಕೇಂದ್ರಗಳಲ್ಲಿಯೂ ಉಚಿತವಾಗಿ ಲಭ್ಯವಿದೆ. ಹೆಚ್ಚಿನ ಮಾಹಿತಿಗಾಗಿ ಶುಲ್ಕರಹಿತ ಸಹಾಯವಾಣಿ 1097 ಸಂಪರ್ಕಿಸಬಹುದು.